ನಾಲಿಗೆಯಡಿಯ ಔಷಧಿ

ಫೆಬ್ರವರಿಯ ಕೊನೆಯ ವಾರ ವರ್ನಾ ಕೆಸ್ಲರ್ ಹಿಂಬಾಗಿಲ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ಮಂಜಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ನೋವಿಗೆ ಮಾತ್ರೆ ಬರೆದುಕೊಟ್ಟರು. ಆ ಚೀಟಿಯನ್ನು ಅವಳು ಅಲ್ಲೇ ಕಸದ ಬುಟ್ಟಿಗೆ ಹಾಕಿ ಬಂದಳು. ಅಂಥ ಮಾತ್ರೆ ಆ ಮನೆಯ ಹೊಸ್ತಿಲು ದಾಟಿ ಆರು ವರ್ಷವಾಗಿತ್ತು.

ಮನೆಗೆ ಬಂದವಳೇ ಕೇಳಿದ್ದು ಬೇರೆ ವಿಷಯ.

"ಈ ವರ್ಷ ಬಾಣಲೆ ಯಾರು ಹಿಡೀತಾರೆ?"

ಮಗ ಡಾರ್ಸಿ ಅವಳ ಕೋಟಿನ ಗುಂಡಿ ಬಿಚ್ಚುತ್ತಿದ್ದ. "ಅಮ್ಮಾ, ಮೊದಲು ಕೂತ್ಕೋ."

"ನಾನು ಕೂತ್ಕೊಂಡ್ರೆ ಆಲೂಗಡ್ಡೆ ತಾನಾಗೇ ಹುರ್ಕೊಳ್ಳುತ್ತಾ?"

ಪ್ರತಿ ಏಪ್ರಿಲ್‌ನಲ್ಲಿ, ಗುಡ್ಡದ ಮೇಲೆ ಕಾಡುಬೆಳ್ಳುಳ್ಳಿ ಎಲೆ ಬಿಟ್ಟಾಗ, ಬಕ್‌ಐ ಫೋರ್ಕ್‌ನ ಅಗ್ನಿಶಾಮಕ ದಳದವರು ಊರಿಗೆಲ್ಲ ದುಡ್ಡಿಗೆ ಊಟ ಹಾಕುತ್ತಾರೆ. ಎಲ್ಲರೂ ಸಂಬಳವಿಲ್ಲದ ಊರಿನ ಹುಡುಗರು. ವರ್ಷಕ್ಕೊಮ್ಮೆ ಈ ಊಟದಿಂದ ಬಂದ ಹಣದಲ್ಲೇ ಅವರ ಗಾಡಿ ಓಡುತ್ತದೆ. ಹಂದಿಮಾಂಸ, ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ ಮಾಡಲು ಬೇಕಾದಷ್ಟು ಕೈಗಳಿವೆ. ಕಾಡುಬೆಳ್ಳುಳ್ಳಿ ಹಾಕಿ ಹಂದಿಕೊಬ್ಬಿನಲ್ಲಿ ಆಲೂಗಡ್ಡೆ ಹುರಿಯುವ ಕಬ್ಬಿಣದ ಬಾಣಲೆ ಮಾತ್ರ ಒಬ್ಬಳದೇ. ಅದನ್ನು ಎತ್ತಲು ಇಬ್ಬರು ಗಂಡಸರು ಬೇಕು. ಊಟಕ್ಕೆ ಮೊದಲು ದಳದ ಮುಖ್ಯಸ್ಥ ಗಾಡಿಯ ಗಂಟೆ ಹೊಡೆದು, "ಬಾಣಲೆ ಯಾರದು?" ಎಂದು ಕೇಳುತ್ತಾನೆ. ಆಕೆ ಅಡುಗೆಮನೆ ಕಿಟಕಿಗೆ ಬಂದು ತನ್ನ ಹೆಸರು, ತಾನು ಯಾರ ಮನೆಯವಳು ಎಂಬುದನ್ನು ಹೇಳಬೇಕು. ಹೇಳುವವರೆಗೆ ಯಾರಿಗೂ ತಟ್ಟೆ ಇಲ್ಲ. ಮೂವತ್ತು ವರ್ಷಕ್ಕೂ ಮೇಲೆ ಆ ಪ್ರಶ್ನೆಗೆ ಉತ್ತರ ಕೊಟ್ಟವಳು ವರ್ನಾ. ಬಿಡುವವಳೇ ಮುಂದಿನವಳ ಹೆಸರು ಹೇಳಬೇಕೆಂಬುದು ಅಲ್ಲಿನ ಪದ್ಧತಿ.

ಅಂದು ಸಂಜೆ ಊಟಕ್ಕೆ ಕೂತಾಗ ಅವಳು ಹೇಳಿಯೇಬಿಟ್ಟಳು.

"ಟ್ರೆಸಾ ಹಿಡೀಲಿ."

ಮೊಮ್ಮಗಳು ಟ್ರೆಸಾ ಬ್ರೆಡ್ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. "ಅಜ್ಜಿ, ನಾನಾ?"

"ನಿನ್ನ ಬಿಟ್ರೆ ಯಾರು? ನಿಮ್ಮಪ್ಪನ ಕೈಗೆ ಕೊಟ್ರೆ ನೀರೂ ಸೀದುಹೋಗುತ್ತೆ."

ಟ್ರೆಸಾಳ ಮಗಳು, ಹದಿನಾಲ್ಕರ ಜೂನಿ, ಬಾಯಲ್ಲಿ ಊಟ ಇಟ್ಟುಕೊಂಡೇ ನಕ್ಕಳು. ಡಾರ್ಸಿ ನಗಲಿಲ್ಲ. ತಟ್ಟೆ ನೋಡುತ್ತಾ, "ಊರಿನವರು ಏನಂತಾರೋ," ಎಂದ.

"ಅನ್ನೋರು ಮನೇಲೇ ಉಣ್ಣಲಿ," ಎಂದಳು ವರ್ನಾ.

ಊರಿಗೆ ಟ್ರೆಸಾಳ ಕಥೆ ಗೊತ್ತಿತ್ತು. ವೃದ್ಧಾಶ್ರಮದಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸದಲ್ಲಿ ಸೊಂಟ ಉಳುಕಿತು. ಡಾಕ್ಟರು ನೋವಿನ ಮಾತ್ರೆ ಕೊಟ್ಟರು, ವರ್ಷಗಟ್ಟಲೆ ಕೊಟ್ಟರು, ಒಂದು ದಿನ ನಿಲ್ಲಿಸಿದರು. ಅಷ್ಟರಲ್ಲಿ ಅವಳಿಗೆ ನಿಲ್ಲಿಸಲು ಆಗುತ್ತಿರಲಿಲ್ಲ. ಮೊದಲು ಬೇರೆಯವರ ಮಾತ್ರೆ ಕೊಂಡಳು, ಆಮೇಲೆ ಅದಕ್ಕಿಂತ ಅಗ್ಗವಾಗಿ ಸಿಗುವ ಅಮಲು ಪದಾರ್ಥವನ್ನು. ಅಪ್ಪನ ಮರ ಕೊಯ್ಯುವ ಯಂತ್ರ ಮಾರಿದಳು, ಅಜ್ಜಿಯ ಮದುವೆ ಉಂಗುರ ಮಾರಿದಳು. ಆ ಕಾಲದಲ್ಲಿ ಜೂನಿಯನ್ನು ಸಾಕಿದ್ದು ವರ್ನಾ, ಡಾರ್ಸಿ ಇಬ್ಬರೇ. ಕೊನೆಗೆ ಪಕ್ಕದ ಊರಿನ ಕ್ಲಿನಿಕ್‌ನಲ್ಲಿ ಚಟ ಹಿಡಿತದಲ್ಲಿಡುವ ಔಷಧಿ ಶುರುವಾಯಿತು. ಅದಾದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು, ಜೂನಿ ಮತ್ತೆ ಅವಳ ಸುಪರ್ದಿಗೆ ಬಂದಳು, ಕಾರು ಓಡಿಸುವ ಲೈಸೆನ್ಸ್ ವಾಪಸ್ ಬಂತು.

ಔಷಧಿ ಎಂದರೆ ತೆಳ್ಳನೆಯ, ಕಿತ್ತಳೆ ಬಣ್ಣದ ಒಂದು ಸಣ್ಣ ಹಾಳೆ. ದಿನಾ ಬೆಳಿಗ್ಗೆ ಅದನ್ನು ನಾಲಿಗೆಯಡಿ ಇಟ್ಟುಕೊಂಡು ಕರಗುವ ತನಕ ಕೂರಬೇಕು. ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಮಾತಾಡುವಂತಿಲ್ಲ. ಆ ಹತ್ತು ನಿಮಿಷ ಟ್ರೆಸಾ ಅಡುಗೆಮನೆ ಮೇಜಿನ ಮುಂದೆ ತುಟಿ ಮುಚ್ಚಿ ಕೂರುತ್ತಿದ್ದಳು. ಜೂನಿಗೆ ಅದೇ ಸುಗ್ಗಿ.

"ಅಮ್ಮಾ, ಶನಿವಾರ ಗೆಳತಿ ಮನೇಲಿ ಉಳ್ಕೊಳ್ಲಾ? ಬೇಡ ಅನ್ನೋದಿದ್ರೆ ಈಗ್ಲೇ ಹೇಳ್ಬಿಡು. ಒಂದು, ಎರಡು... ಸರಿ, ಒಪ್ಪಿಗೆ ಅಂದ್ಕೊಂಡೆ. ದೊಡ್ಡಜ್ಜಿ, ನೀನೇ ಸಾಕ್ಷಿ."

ಟ್ರೆಸಾ ಸೌಟು ಎತ್ತಿ ತೋರಿಸುತ್ತಿದ್ದಳು. ಡಾರ್ಸಿಗೆ ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಕೋಳಿಗಳ ನೆನಪಾಗುತ್ತಿತ್ತು. ಟೋಪಿ ಹಾಕಿಕೊಂಡು ಹಿತ್ತಲಿಗೆ ಹೋದರೆ, ಮಗಳ ದನಿ ಕೇಳಿದ ಮೇಲೆಯೇ ಒಳಗೆ ಬರುತ್ತಿದ್ದ. ಆರು ವರ್ಷದಲ್ಲಿ ಒಮ್ಮೆಯೂ ಅವನು ಆ ಹಾಳೆಯನ್ನು ನೋಡಿರಲಿಲ್ಲ.

ಮಾರ್ಚ್ ಮೊದಲ ವಾರ ಕೋಳಿಗೆ ಕಾಳು ತರಲು ಹೋದಾಗ ಅಂಗಡಿಯ ಆರ್ಡಿತ್ ಪ್ಯೂ ಅವನನ್ನು ತಡೆದಳು. ಊಟದ ದಿನ ಬೀನ್ಸ್ ಬೇಯಿಸುವವಳು ಅವಳೇ.

"ಡಾರ್ಸಿ, ಟ್ರೆಸಾ ಬಾಣಲೆ ಹಿಡೀತಾಳಂತೆ?"

"ಅಮ್ಮ ಹೇಳಿದಾಳೆ."

"ಒಳ್ಳೇದಾಯ್ತು. ಹುಡುಗಿ ಮೇಲೆ ನನಗೇನೂ ಇಲ್ಲಪ್ಪ. ಆದ್ರೆ ಇನ್ನೂ ಆ ಕ್ಲಿನಿಕ್‌ಗೆ ಹೋಗ್ತಾಳಂತಲ್ಲ? ಒಂದು ಅಮಲು ಬಿಟ್ಟು ಇನ್ನೊಂದು ಹಿಡ್ಕೊಂಡ ಹಾಗಲ್ವಾ ಅದು? ನಾನಂತಿಲ್ಲ, ಜನ ಅಂತಾರೆ."

"ಜನ ಅಂದ್ರೆ ನೀನು ಮತ್ತೆ ಯಾರು?"

ಆರ್ಡಿತ್ ಕಾಳಿನ ಚೀಲವನ್ನು ಅವನ ಕಡೆ ತಳ್ಳಿದಳು. "ನೋಡು, ನೀನೂ ಅದನ್ನೇ ಅಂದ್ಕೊಂಡಿದೀಯ. ಮುಖ ನೋಡಿದ್ರೇ ಗೊತ್ತಾಗುತ್ತೆ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ರಾತ್ರಿ ಊಟ ಮುಗಿಯುವ ಮೊದಲೇ ಅವನು ಬಾಯಿ ಬಿಟ್ಟ.

"ಟ್ರೆಸಾ, ಆ ಔಷಧಿ ಇನ್ನೂ ಎಷ್ಟು ದಿನ?"

"ಬೇಕಾದಷ್ಟು ದಿನ, ಅಪ್ಪ."

"ಚೆನ್ನಾಗೇ ಇದೀಯಲ್ಲ. ಕೆಲಸ ಮಾಡ್ತಿದೀಯ. ಮತ್ಯಾಕೆ?"

"ಅದಿರೋದಕ್ಕೇ ಚೆನ್ನಾಗಿದೀನಿ."

"ಹಾಗಂತ ಕ್ಲಿನಿಕ್‌ನವರು ಹೇಳ್ತಾರೆ. ಅವರ ವ್ಯಾಪಾರ ಅದು."

ವರ್ನಾ ಎಡಗೈಯಿಂದ ಮೇಜು ಕುಟ್ಟಿದಳು. "ಡಾರ್ಸಿ!"

"ನೀನು ಸುಮ್ನಿರಮ್ಮ. ಇವಳು ಆ ಕಿಟಕೀಲಿ ನಿಂತು, ಊರಿನೆದುರಿಗೆ, ಡಾರ್ಸಿ ಮಗಳು ಅಂತ ಹೇಳ್ಬೇಕು. ನನ್ನ ಹೆಸರು ಹೇಳೋ ಹೊತ್ತಿಗೆ ಮೈಯಲ್ಲಿ ಏನೂ ಇರಬಾರದು. ಅಷ್ಟೇ ನಾನು ಕೇಳೋದು. ಅದು ಜಾಸ್ತಿಯಾಯ್ತಾ?"

ಟ್ರೆಸಾ ಎದ್ದು ತಟ್ಟೆಗಳನ್ನು ತೆಗೆದಳು. ಜೂನಿ ತಾತನನ್ನು ನೋಡಿ, "ನಿನ್ನ ಮೈಯಲ್ಲಿ ದಿನಕ್ಕೆ ಎಂಟು ಲೋಟ ಕಾಫಿ ಇರುತ್ತೆ," ಎಂದಳು.

ಮಾರ್ಚ್ ತಿಂಗಳೆಲ್ಲ ಮನೆಯಲ್ಲಿ ಆಲೂಗಡ್ಡೆಯದೇ ದರ್ಬಾರು. ವರ್ನಾ ಕುರ್ಚಿಯಲ್ಲಿ ಕೂತು, ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು, ಮೊಮ್ಮಗಳನ್ನು ಪಳಗಿಸಿದಳು.

"ದಪ್ಪ ಆಯ್ತು. ಇದನ್ನ ತಿನ್ನೋಕೆ ಹಲ್ಲು ಬೇಕು, ಬರೋರಲ್ಲಿ ಅರ್ಧ ಜನಕ್ಕೆ ಅದಿಲ್ಲ."

"ಈಗ ಸರೀನಾ?"

"ಈಗ ತೆಳ್ಳಗಾಯ್ತು. ತಿರುವಬೇಡ್ವೇ! ಕೆಳಗಡೆ ಕೆಂಪಾಗೋ ತನಕ ಕೈ ಕಟ್ಕೊಂಡು ನಿಂತ್ಕೋ. ಬೆಳ್ಳುಳ್ಳಿ ಸೊಪ್ಪು ಕೊನೇಲಿ. ಮೊದಲೇ ಹಾಕಿದ್ರೆ ಕಹಿ ಬಿಡುತ್ತೆ."

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಡಾರ್ಸಿ ಟೋಪಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಮಗಳ ದನಿ ಕೇಳಿಸಿತು.

"ಅಪ್ಪ, ಬಿಸಿ ಇದೆ, ತಿಂದು ಹೋಗು."

ತಿರುಗಿ ನೋಡಿದ. ಅವಳು ಒಲೆಯ ಮುಂದೆ ನಿಂತು, ಬನ್ನಿಗೆ ಬೆಣ್ಣೆ ಸವರುತ್ತಾ, ಶಾಲೆಯ ಹೊಸ ಪ್ರಿನ್ಸಿಪಾಲರನ್ನು ಅಣಕಿಸುತ್ತಿದ್ದಳು. ಡಾರ್ಸಿ ಟೋಪಿ ತೆಗೆದು ಕೂತ. ಮರುದಿನವೂ ಮಾತು, ಅದರ ಮರುದಿನವೂ ಮಾತು. ಕೋಳಿಗಳು ಕಾದವು. ತಾನು ಮೊದಲು ಕೆಲಸ ಮಾಡುತ್ತಿದ್ದ ಕಲ್ಲಿದ್ದಲು ಗಣಿಯ ಹಳೆಯ ಜೊತೆಗಾರನಿಗೆ ಫೋನ್ ಮಾಡಿ, "ಮಗಳು ಬೆಳಿಗ್ಗೆಬೆಳಿಗ್ಗೆ ನಗಿಸ್ತಾಳೆ ಕಣೋ," ಎಂದ. ಯಾಕೆಂದು ಅವಳನ್ನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ.

ಎರಡು ವಾರ ಕಳೆಯುವುದರೊಳಗೆ ಟ್ರೆಸಾಳ ಮೂಗು ಸೋರತೊಡಗಿತು. ಆಕಳಿಕೆ ನಿಲ್ಲುತ್ತಿರಲಿಲ್ಲ. ಒಲೆಯ ಮುಂದೆ ನಿಂತರೂ ಸ್ವೆಟರ್ ಹಾಕಿಕೊಳ್ಳುತ್ತಿದ್ದಳು, ಬೆನ್ನಿನಲ್ಲಿ ಮಾತ್ರ ಬೆವರು. ಹವೆ ಬದಲಾದ ನೆಗಡಿ ಎಂದಳು. ಊಟದ ಹಿಂದಿನ ವಾರ ಅವಳು ಬಾಣಲೆ ತುಂಬ ಆಲೂಗಡ್ಡೆ ಸೀಯಿಸಿದಳು. ವರ್ನಾ ಬೈಯಲಿಲ್ಲ. ಅದೇ ವಿಚಿತ್ರವಾಗಿತ್ತು.

ಮರುದಿನ ಭಾನುವಾರ. ಚರ್ಚ್‌ಗೆ ಹೊರಡುವ ಮೊದಲು ತಿಂಡಿಗೆ ಕೂತಿದ್ದರು. ಟ್ರೆಸಾ ಏನೋ ಹೇಳುತ್ತಿದ್ದಳು, ಬೇಗಬೇಗ, ವಾಕ್ಯ ಮುಗಿಸದೆ. ಜೂನಿ ತಟ್ಟೆ ದೂಡಿದಳು.

"ಅಮ್ಮಾ, ಮಾತು ನಿಲ್ಸು."

"ಯಾಕೇ?"

"ಬೆಳಿಗ್ಗೆ ನೀನು ಸುಮ್ನಿರ್ಬೇಕು. ನೀನು ಸುಮ್ನೆ ಕೂತಿದ್ರೆ, ಸಾಯಂಕಾಲ ಮನೇಲಿರ್ತೀಯ ಅಂತ ನಂಗೆ ಗೊತ್ತಿರುತ್ತೆ. ಈಗ ಗೊತ್ತಾಗ್ತಿಲ್ಲ." ಹುಡುಗಿ ಬಚ್ಚಲ ಕಡೆ ಕೈ ತೋರಿಸಿದಳು. "ಬಚ್ಚಲಲ್ಲಿ ಕತ್ತರಿ ಇಟ್ಟಿದೀಯ. ಹಾಳೆ ಕತ್ತರಿಸಿ ಕತ್ತರಿಸಿ ಉಗುರಿನಷ್ಟು ಮಾಡಿದೀಯ. ಈ ವಾರ ಅದೂ ಇಲ್ಲ."

ವರ್ನಾ ಫೋರ್ಕ್ ಕೆಳಗಿಟ್ಟಳು.

"ಕ್ಲಿನಿಕ್‌ನವರಿಗೆ ಹೇಳಿದೀಯಾ?" ವರ್ನಾ ಕೇಳಿದಳು.

"ಇಲ್ಲ, ಅಜ್ಜಿ."

"ಯಾಕೆ ಮಾಡಿದೆ?"

ಟ್ರೆಸಾ ಅಪ್ಪನ ಕಡೆ ನೋಡಲಿಲ್ಲ. "ಒಂದು ದಿನ. ಆ ಒಂದು ದಿನ ಅಪ್ಪನಿಗೆ ಬೇಕಾದ ಹಾಗೆ ನಿಲ್ಲೋಣ ಅಂದ್ಕೊಂಡೆ."

"ಮಾಡಿದ್ದು ಒಳ್ಳೇದೇ ಅಲ್ವಾ ಅಮ್ಮ?" ಡಾರ್ಸಿ ಎಂದ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. "ಸ್ವಲ್ಪ ದಿನ ಕಷ್ಟ ಇರುತ್ತೆ. ಆಮೇಲೆ..."

"ಶುಕ್ರವಾರ," ಟ್ರೆಸಾ ನಡುವೆ ಬಾಯಿ ಹಾಕಿದಳು, "ಕೆಲಸ ಬಿಟ್ಟ ಮೇಲೆ ಕಾರು ಹಳೇ ಕಲ್ಲಿದ್ದಲು ರಸ್ತೆಗೆ ತಿರುಗ್ತು. ನಾನು ತಿರುಗಿಸಿದೆ ಅಂತಾನೂ ಅನ್ನಿಸ್ಲಿಲ್ಲ. ಮೊದಲು ನಾನು ಕೊಳ್ತಿದ್ದ ಆ ಮನೆ ಎದುರಿಗೆ ನಿಲ್ಸಿದ್ದೆ. ಒಳಗೆ ದೀಪ ಇತ್ತು. ಬಹಳ ಹೊತ್ತು ಕೂತಿದ್ದು, ತಿರುಗಿಸ್ಕೊಂಡು ಬಂದೆ. ಹೇಗೆ ಬಂದೆ ಅಂತ ಕೇಳ್ಬೇಡ ಅಪ್ಪ, ನಂಗೊತ್ತಿಲ್ಲ."

ಆ ಮನೆಯಿಂದ ಹೊರಬಂದು ಕಾರಿನಲ್ಲೇ ಸತ್ತವರಿಬ್ಬರ ಹೆಣಕ್ಕೆ ಡಾರ್ಸಿ ಹೆಗಲು ಕೊಟ್ಟಿದ್ದ.

ವರ್ನಾ ಅವನ ಕಡೆ ತಿರುಗಿದಳು. "ಗಣೀಲಿ ನಿನ್ನ ಕೆಲಸ ಏನಿತ್ತೋ?"

"ಈಗ ಅದ್ಯಾಕೆ?"

"ಹೇಳು."

"ಸುರಂಗದ ಮೇಲ್ಗಡೆ ಬಂಡೆಗೆ ಬೋಲ್ಟ್ ಹೊಡೀತಿದ್ದೆ. ನಿಂಗೊತ್ತಿಲ್ವಾ?"

"ಬೋಲ್ಟ್ ಹೊಡೆದ ಮೇಲೆ ಬಂಡೆ ಬೀಳ್ತಿತ್ತಾ?"

"ಸರಿಯಾಗಿ ಹೊಡೆದಿದ್ರೆ ಬೀಳಲ್ಲ."

"ಆರು ವರ್ಷ ಬೀಳ್ಲಿಲ್ಲ, ಇನ್ನು ಬೋಲ್ಟ್ ಯಾಕೆ ಅಂತ ಹೋಗಿ ಕಿತ್ತಿದೀಯಾ ಯಾವತ್ತಾದ್ರೂ?"

ಡಾರ್ಸಿ ಕಾಫಿ ಲೋಟವನ್ನು ದೂರ ಸರಿಸಿದ. ಗಣಿಯಲ್ಲಿ ಆಧಾರ ಕೀಳುವುದು ಒಂದೇ ಸಂದರ್ಭದಲ್ಲಿ: ಆ ಜಾಗವನ್ನು ಕೈಬಿಟ್ಟು, ಮತ್ತೆ ಯಾರೂ ಕಾಲಿಡದ ಹಾಗೆ ಹೊರಡುವಾಗ. ಕಿತ್ತವರು ಹಿಂದಿರುಗಿ ನೋಡದೆ ಓಡುತ್ತಾರೆ.

"ನಾನು ಕೀಳಿಸ್ದೆ," ಎಂದ. ಕುರ್ಚಿಯಿಂದ ಎದ್ದು, "ಔಷಧಿ ಎಲ್ಲಿದೆ?" ಎಂದು ಕೇಳಿದ.

"ಈಗಲೇ ತಗೋಬೇಕೋ ಬೇಡವೋ, ಎಷ್ಟು ಅಂತ ಕ್ಲಿನಿಕ್‌ನವರನ್ನ ಕೇಳಬೇಕು, ಅಪ್ಪ."

"ಕೇಳೋಣ. ಜಾಕೆಟ್ ಹಾಕ್ಕೋ."

"ಇವತ್ತು ಭಾನುವಾರ."

ಕ್ಲಿನಿಕ್‌ನ ಫೋನಿಗೆ ಭಾನುವಾರವೂ ಉತ್ತರ ಕೊಡುವವರಿದ್ದರು. ಅವರು ಹೇಳಿದಷ್ಟನ್ನು ಟ್ರೆಸಾ ಅಂದೇ ತೆಗೆದುಕೊಂಡಳು. ಸೋಮವಾರ ಬೆಳಿಗ್ಗೆ ಡಾರ್ಸಿ ಮಗಳನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋದ. ಅಲ್ಲಿನ ನರ್ಸ್ ರೋವೀನಾ ಸಣ್ಣ ದೇಹದ, ನೇರ ಮಾತಿನ ಹೆಂಗಸು. ಟ್ರೆಸಾಳ ನಾಡಿ, ಕಣ್ಣು ನೋಡಿ, ಬೈಯದೆ, ಔಷಧಿಯನ್ನು ಮೊದಲಿನ ಪ್ರಮಾಣಕ್ಕೆ ಕೆಲವೇ ದಿನಗಳಲ್ಲಿ ಏರಿಸುವುದು ಹೇಗೆಂದು ವಿವರಿಸಿದಳು. ಡಾರ್ಸಿ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಾ ಕೂತಿದ್ದ.

"ಮೇಡಂ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಇದೂ ಅಮಲೇ ಅಲ್ವಾ?"

"ತಪ್ಪೇನಿಲ್ಲ, ವಾರಕ್ಕೊಬ್ಬರಾದ್ರೂ ಕೇಳ್ತಾರೆ. ನಿಮ್ಮ ಮಗಳಿಗೆ ಇದು ಅಮಲು ಏರಿಸಲ್ಲ. ವರ್ಷಗಟ್ಟಲೆ ಆ ಮಾತ್ರೆಗಳು ಮಿದುಳಿನ ಕೆಲಸದ ರೀತೀನೇ ಬದಲಾಯಿಸಿಬಿಟ್ಟಿವೆ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಅದು ವಾಪಸ್ ಆಗಲ್ಲ. ಹಳೇ ವಿಷ ಹೋಗಿ ಕೂರೋ ಜಾಗದಲ್ಲೇ ಈ ಔಷಧಿ ಕೂತು, ಹಂಬಲ ಏಳದ ಹಾಗೆ ಹಿಡಿದಿಡುತ್ತೆ."

"ಬಿಟ್ರೆ?"

"ತುಂಬ ಜನ ಹಳೇ ದಾರಿಗೆ ಹೋಗ್ತಾರೆ. ಅಷ್ಟು ಹೊತ್ತಿಗೆ ಮೈಗೆ ಹಳೇ ಅಳತೆ ತಡ್ಕೊಳ್ಳೋ ಶಕ್ತಿ ಇರಲ್ಲ. ಮೊದಲು ತಗೋತಿದ್ದಷ್ಟೇ ತಗೋತಾರೆ, ಉಸಿರು ನಿಂತುಹೋಗುತ್ತೆ. ಔಷಧಿ ತಗೊಳ್ತಿರೋರು ಸಾಯೋದು ಕಡಿಮೆ. ಇದು ನನ್ನ ಅಭಿಪ್ರಾಯ ಅಲ್ಲ, ಬೇರೆ ಬೇರೆ ದೇಶಗಳಲ್ಲಿ ಎಷ್ಟೋ ವರ್ಷದಿಂದ ಲೆಕ್ಕ ಹಾಕಿ ನೋಡಿದಾರೆ."

"ಹಾಗಾದ್ರೆ ಯಾವಾಗ ಬಿಡೋದು?"

"ಅವಳಿಗೆ ಬೇಕು ಅನ್ನಿಸಿದಾಗ, ನಮ್ಮ ಜೊತೆ ಕೂತು, ನಿಧಾನವಾಗಿ. ಬಿಡದಿದ್ರೂ ನಷ್ಟ ಇಲ್ಲ. ಕೆಲವರು ಜೀವಮಾನ ತಗೋತಾರೆ."

ಡಾರ್ಸಿ ತಲೆಯಾಡಿಸಿದ. "ಬಂಡೆ ಭಾರ ಇನ್ನೂ ಮೇಲೇ ಇದೆ."

ರೋವೀನಾ ಅರ್ಥವಾಗದೆ ಟ್ರೆಸಾಳನ್ನು ನೋಡಿದಳು. ಟ್ರೆಸಾ ಮೂಗು ಒರೆಸಿಕೊಳ್ಳುತ್ತಾ, "ಅಪ್ಪನಿಗೆ ಅರ್ಥ ಆಯ್ತು," ಎಂದಳು.

ಮಂಗಳವಾರ ಬೆಳಿಗ್ಗೆ ಅವಳು ಮೇಜಿನ ಮುಂದೆ ತುಟಿ ಮುಚ್ಚಿ ಕೂತಳು. ಡಾರ್ಸಿ ಟೋಪಿ ತೆಗೆದುಕೊಳ್ಳಲಿಲ್ಲ. ಎದುರಿಗೆ ಕೂತು ಕಾಫಿ ಕುಡಿದ. ಹಿತ್ತಲಲ್ಲಿ ಕೋಳಿಗಳು ಕೂಗಿದವು.

"ತಾತಾ, ಕೋಳಿ," ಎಂದಳು ಜೂನಿ.

"ನಿಂಗೆ ಕೈಯಿಲ್ವಾ? ಹೋಗಿ ಹಾಕು."

ಊಟದ ಶನಿವಾರ ಟ್ರೆಸಾ ಕತ್ತಲಲ್ಲೇ ಎದ್ದು ಅಗ್ನಿಶಾಮಕ ಠಾಣೆಗೆ ಹೋದಳು. ಮೈ ಪೂರ್ತಿ ಸುಧಾರಿಸಿರಲಿಲ್ಲ, ಕೈ ಮಾತ್ರ ಸ್ಥಿರವಾಗಿತ್ತು. ಗಾಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದ ಮೇಜುಗಳನ್ನು ಹಾಕಿದ್ದರು. ಡಾರ್ಸಿ ಅಮ್ಮನನ್ನೂ ಜೂನಿಯನ್ನೂ ಕರೆದುಕೊಂಡು ಬರುವ ಹೊತ್ತಿಗೆ ಕಾಡುಬೆಳ್ಳುಳ್ಳಿಯ ವಾಸನೆ ರಸ್ತೆಯವರೆಗೂ ಹೊಡೆಯುತ್ತಿತ್ತು. ಸಾಲು ಚರ್ಚಿನ ಬೇಲಿ ಮುಟ್ಟಿತ್ತು.

ಅಡುಗೆಮನೆಯಲ್ಲಿ ಟ್ರೆಸಾ ಅವನನ್ನು ಮೂಲೆಗೆ ಕರೆದಳು. "ಅಪ್ಪ, ಬೆಳಿಗ್ಗೆ ಗ್ಯಾಸ್ ಒಲೆ ಹತ್ತಲಿಲ್ಲ, ಆ ಗಡಿಬಿಡೀಲಿ ಔಷಧಿ ಮರೆತೆ. ಮನೇಲೇ ಇದೆ. ಊಟ ಮುಗಿದ ಮೇಲೆ ತಗೋತೀನಿ ಬಿಡು."

ಡಾರ್ಸಿ ಅಂಗಿಯ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದ. "ಮೇಜಿನ ಮೇಲಿತ್ತು. ತಗೋ."

"ಈಗಲಾ? ಇನ್ನೇನು ಗಂಟೆ ಹೊಡೀತಾರೆ."

"ಈಗಲೇ."

ಅವಳು ಪೊಟ್ಟಣ ಹರಿದಳು. ಡಾರ್ಸಿ ಮೊದಲ ಬಾರಿಗೆ ಆ ಹಾಳೆಯನ್ನು ನೋಡಿದ. ಅಂಚೆ ಚೀಟಿಗಿಂತಲೂ ಚಿಕ್ಕದು. ಅದನ್ನು ನಾಲಿಗೆಯಡಿ ಇಟ್ಟುಕೊಂಡು ಅವಳು ಬಾಣಲೆಯ ಕಡೆ ತಿರುಗಿದಳು. ಆಲೂಗಡ್ಡೆಯ ತಳ ಕೆಂಪಗಾಗಿತ್ತು. ಸೊಪ್ಪು ಹಾಕುವ ಹೊತ್ತು.

ಸಾಲು ಉದ್ದವಾಗುತ್ತಿದ್ದುದನ್ನು ನೋಡಿ ದಳದ ಮುಖ್ಯಸ್ಥ ವೆಂಡೆಲ್ ಗಂಟೆಯನ್ನು ಬೇಗನೇ ಹೊಡೆದ. ಮಾತು ನಿಂತಿತು. ವರ್ನಾ ಮೊದಲ ಮೇಜಿನಲ್ಲಿ, ಒಳ್ಳೆಯ ಉಡುಪಿನಲ್ಲಿ, ಪ್ಲಾಸ್ಟರ್ ಬಿಚ್ಚಿದ ಬಿಳಿಚಿದ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದಳು.

"ಬಾಣಲೆ ಯಾರದು?"

ಟ್ರೆಸಾ ಕಿಟಕಿಗೆ ಬಂದಳು. ತುಟಿ ಬಿಗಿದುಕೊಂಡು ನಿಂತಳು. ವೆಂಡೆಲ್ ಮತ್ತೆ ಕೇಳಿದ. ಸಾಲಿನಲ್ಲಿ ಗುಸುಗುಸು ಎದ್ದಿತು. ಬೀನ್ಸ್ ಪಾತ್ರೆಯ ಪಕ್ಕದಿಂದ ಆರ್ಡಿತ್, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಇದೇನಾಯ್ತು ಇವಳಿಗೆ? ಹುಷಾರಾಗಿದಾಳಾ?" ಎಂದಳು.

ಟ್ರೆಸಾಳ ಕುತ್ತಿಗೆ ಕೆಂಪಾಯಿತು. ಅವಳು ಕೈಯನ್ನು ಬಾಯಿಯ ಹತ್ತಿರ ತಂದಳು. ಉಗಿದುಬಿಟ್ಟರೆ ಮುಗಿಯುತ್ತಿತ್ತು.

ಡಾರ್ಸಿ ಅವಳ ಪಕ್ಕಕ್ಕೆ ಬಂದು ಕಿಟಕಿಯಲ್ಲಿ ತಲೆ ಹಾಕಿದ.

"ವೆಂಡೆಲ್, ಸ್ವಲ್ಪ ತಾಳು. ನನ್ನ ಮಗಳ ನಾಲಿಗೆ ಕೆಳಗೆ ಔಷಧಿ ಇದೆ. ಹಳೇ ಚಟ ಮತ್ತೆ ಹತ್ತಿರ ಬರದ ಹಾಗೆ ತಗೊಳ್ಳೋ ಔಷಧಿ. ಕರಗೋಕೆ ಹತ್ತು ನಿಮಿಷ ಬೇಕು, ಅಲ್ಲೀತನಕ ಮಾತಾಡೋ ಹಾಗಿಲ್ಲ. ಆರು ವರ್ಷದಿಂದ ದಿನಾ ತಗೋತಾಳೆ. ಬಿಡು ಅಂತ ನಾನು ಹೇಳಿದ್ದೆ. ಅದು ನನ್ನ ತಪ್ಪು. ಹಸಿವಾದವರು ಕಾಯಿರಿ. ಕಾಯೋಕೆ ಆಗದವರಿಗೆ ಬಾಗಿಲು ಅಲ್ಲಿದೆ."

ಸಾಲು ಬಿಟ್ಟು ಯಾರೂ ಹೋಗಲಿಲ್ಲ. ಆಮೇಲೆ ನಡುವೆಲ್ಲೋ ನಿಂತಿದ್ದ ಒಬ್ಬ ದಪ್ಪ ಮನುಷ್ಯ ಗಂಟಲು ಸರಿಮಾಡಿಕೊಂಡ.

"ಡಾರ್ಸಿ, ಹತ್ತು ನಿಮಿಷ ಮಾತು ನಿಲ್ಲುತ್ತೆ ಅಂದ್ಯಾ? ಅದನ್ನ ನನ್ನ ಹೆಂಡ್ತಿಗೂ ಬರೆದುಕೊಡ್ತಾರಾ?"

"ನಿನಗೆ ಕೊಡಿಸ್ತೀನಿ ನಡಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ. "ಎರಡು ಹಾಳೆ."

ನಗು ಒಮ್ಮೆಲೇ ಸಾಲಿನುದ್ದಕ್ಕೂ ಹರಿಯಿತು. ವೆಂಡೆಲ್ ಗಾಡಿಯ ಮೆಟ್ಟಿಲ ಮೇಲೆ ಕೂತ. ಯಾರೋ ಮಗುವನ್ನು ಎತ್ತಿಕೊಂಡರು, ಯಾರೋ ಹವಾಮಾನದ ಮಾತು ತೆಗೆದರು. ಆರ್ಡಿತ್ ಬೀನ್ಸ್ ಕಲಕಿದಳು, ಅಗತ್ಯಕ್ಕಿಂತ ಜಾಸ್ತಿಯೇ ಕಲಕಿದಳು. ಸಾಲಿನಿಂದ ಒಬ್ಬ ಹೆಂಗಸು ಕಿಟಕಿಯ ಹತ್ತಿರ ಬಂದು, ದನಿ ತಗ್ಗಿಸಿ, "ಡಾರ್ಸಿ, ಆ ಕ್ಲಿನಿಕ್ ಯಾವ ಯಾವ ದಿನ ತೆರೆದಿರುತ್ತೆ?" ಎಂದು ಕೇಳಿದಳು. ಯಾರಿಗೆ ಎಂದು ಅವನು ಕೇಳಲಿಲ್ಲ, ದಿನ ಹೇಳಿದ.

ಟ್ರೆಸಾ ಸೊಪ್ಪು ಹಾಕಿ ತಿರುವಿದಳು. ಕೊನೆಗೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕೈ ಒರೆಸಿಕೊಂಡು ಕಿಟಕಿಗೆ ಬಂದಳು. ವೆಂಡೆಲ್ ಎದ್ದು ನಿಂತು ಗಂಟೆಯನ್ನು ಮತ್ತೆ ಹೊಡೆದ, ಮೊದಲಿಗಿಂತ ಜೋರಾಗಿ.

"ಬಾಣಲೆ ಯಾರದು?"

"ಟ್ರೆಸಾ ಕೆಸ್ಲರ್. ವರ್ನಾ ಮೊಮ್ಮಗಳು, ಜೂನಿ ಅಮ್ಮ." ಒಂದು ಕ್ಷಣ ನಿಂತು, ಪಕ್ಕಕ್ಕೆ ನೋಡಿದಳು. "ಡಾರ್ಸಿ ಮಗಳು. ಬಾಣಲೆ ನಂದು."

ಮೊದಲ ತಟ್ಟೆ ಬಾಣಲೆ ಬಿಟ್ಟವಳಿಗೆ. ಡಾರ್ಸಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಠಾಣೆಯ ನಡುವೆ ನಡೆದು, ಅಮ್ಮನ ಮುಂದಿಟ್ಟ. ವರ್ನಾ ಎಡಗೈಯಲ್ಲಿ ಫೋರ್ಕ್ ಹಿಡಿದು ಒಂದು ತುಂಡು ಬಾಯಿಗಿಟ್ಟಳು. ಊರು ಅವಳ ಬಾಯನ್ನೇ ನೋಡುತ್ತಿತ್ತು. ಅವಳು ನಿಧಾನವಾಗಿ ಅಗಿದಳು.

"ಉಪ್ಪು ಸಾಲದು," ಎಂದಳು.

ಮತ್ತೆ ಒಂದು ತುಂಡು ತೆಗೆದುಕೊಂಡಳು, ಮತ್ತೊಂದು. ತಟ್ಟೆ ಖಾಲಿಯಾಗುವವರೆಗೆ ತಲೆ ಎತ್ತಲಿಲ್ಲ.